ಪಂಚಾಯಿತಿಯ ಮೇನ್ ಸ್ವಿಚ್ ಆರಿಸಿದರೆ ಭಾರತ್‌ನೆಟ್ ಏನಾಗುತ್ತದೆ? ಚಿತ್ರದುರ್ಗ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರೇ,

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಮೂಲಕ ಇಂಟರ್ನೆಟ್ ತಲುಪಿಸುವ, ತಿದ್ದುಪಡಿಯಾದ ಭಾರತ್‌ನೆಟ್‌ಗೆ ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಈ ಸಲ ಹತ್ತು ವರ್ಷದ ನಿರ್ವಹಣೆಯೂ ಯೋಜನೆಯೊಳಗೇ ಇದೆ. ಒಳ್ಳೆಯದೇ ಆಯಿತು. ಆದರೂ ಮೊಳಕಾಲ್ಮುರು, ಚಳ್ಳಕೆರೆ, ಹೊಸದುರ್ಗ ಕಡೆಯ ಊರುಗಳಲ್ಲಿ ರಾತ್ರಿ ಹಗಲು ನೆಟ್ ಸಿಗಬೇಕಾದರೆ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲಾ ಸಮಿತಿಯಾದ ದಿಶಾ ಸಭೆಯಲ್ಲಿ ನೀವು ಕೆಲವು ವಿಷಯಗಳನ್ನು ಪಟ್ಟು ಹಿಡಿದು ಕೇಳಬೇಕು.

ಮೊದಲನೆಯದು ಕರೆಂಟು. ಹಳೆಯ ವ್ಯವಸ್ಥೆಯಲ್ಲಿ ತಾಲ್ಲೂಕು ಕೇಂದ್ರದಿಂದ ಬಂದ ಫೈಬರನ್ನು ಸ್ಪ್ಲಿಟರ್ ಹಂಚುತ್ತಿತ್ತು. ಸ್ಪ್ಲಿಟರ್‌ಗೆ ಕರೆಂಟು ಬೇಡ. ಒಂದು ಪಂಚಾಯಿತಿಯ ಪೆಟ್ಟಿಗೆ ಆರಿದರೆ ಅದೊಂದೇ ಊರಿಗೆ ತೊಂದರೆ. ಈಗ ಬರುತ್ತಿರುವುದು ರಿಂಗ್, ಅಂದರೆ ಪಂಚಾಯಿತಿಗಳನ್ನು ಬಳೆಯಂತೆ ಸುತ್ತಿ ಜೋಡಿಸುವ ಫೈಬರ್. ಪ್ರತಿ ಪಂಚಾಯಿತಿಯಲ್ಲೂ ಒಂದು ರೂಟರ್. ಅದು ಈ ಕಡೆಯಿಂದ ತೆಗೆದುಕೊಂಡು ಆ ಕಡೆಗೆ ದಾಟಿಸಬೇಕು. ಸಂಜೆ ಕಚೇರಿಗೆ ಬೀಗ ಹಾಕುವಾಗ ಮೇನ್ ಸ್ವಿಚ್ ಆರಿಸುವ ರೂಢಿ ಹಲವು ಕಡೆ ಇದೆ. ಶಾರ್ಟ್ ಸರ್ಕ್ಯೂಟಿನ ಭಯ, ಬಿಲ್ಲಿನ ಚಿಂತೆ. ಸಿಬ್ಬಂದಿಯನ್ನು ದೂರಿ ಫಲವಿಲ್ಲ. ರಿಂಗ್‌ನಲ್ಲಿ ಒಂದು ಕಡೆ ಆರಿದರೆ ಇನ್ನೊಂದು ದಿಕ್ಕಿನಿಂದ ನೆಟ್ ಬರುತ್ತದೆ. ಎರಡು ಕಡೆ ಆರಿದರೆ, ಮಧ್ಯದ ಊರುಗಳಲ್ಲಿ ಕರೆಂಟು ಇದ್ದರೂ ನೆಟ್ ಇರುವುದಿಲ್ಲ. ಆದ್ದರಿಂದ ಮೇನ್ ಸ್ವಿಚ್ಚಿಗೆ ಮೊದಲೇ ರೂಟರ್‌ಗೆ ಬೇರೆ ಲೈನು, ಅದಕ್ಕೇ ಒಂದು ಎಂಸಿಬಿ, ಸರಿಯಾದ ಅರ್ಥಿಂಗ್, ಬ್ಯಾಟರಿ ಕೊಡಿಸಿ. ಅದರ ಬಿಲ್ ಯಾರು ಕಟ್ಟಬೇಕೆಂದು ಬರಹದಲ್ಲಿ ತೀರ್ಮಾನಿಸಿ.

ಎರಡನೆಯದು ಗುಂಡಿ. ಕೇಬಲ್ 1.65 ಮೀಟರ್ ಆಳದಲ್ಲಿರಬೇಕು. ನಮ್ಮ ಕಲ್ಲುನೆಲದಲ್ಲಿ ಬಂಡೆ ಸಿಕ್ಕಿದಲ್ಲಿ ಆಳ ಕಡಿಮೆಯಾಗುತ್ತದೆ. ಅಲ್ಲಿ ಕಬ್ಬಿಣದ ಪೈಪು ಅಥವಾ ಕಾಂಕ್ರೀಟ್ ರಕ್ಷಣೆ ಹಾಕಿದ್ದಾರೆಯೇ ಎಂದು ಮಣ್ಣು ಮುಚ್ಚುವ ಮುಂಚೆಯೇ ನೋಡಬೇಕು. ಖರ್ಚು ಉಳಿಸಲು ರಿಂಗ್‌ನ ಎರಡೂ ತೋಳುಗಳನ್ನು ಒಂದೇ ಗುಂಡಿಯಲ್ಲಿ ಹಾಕಿದರಂತೂ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ನಕ್ಷೆಯಲ್ಲಿ ಅದು ರಿಂಗ್ ಆಗಿಯೇ ಕಾಣುತ್ತಿರುತ್ತದೆ.

ಜೆಸಿಬಿ ಕೇಬಲನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಕಣ್ಣಿಗೆ ಕಾಣುವ ಜಾಗದಿಂದ ಎಷ್ಟೋ ದೂರದಲ್ಲಿ ಒಳಗಿನ ಎಳೆ ಸೀಳಿರಬಹುದು. ಎರಡೂ ಬದಿಯಿಂದ ಓಟಿಡಿಆರ್ (ಫೈಬರ್ ಎಲ್ಲಿ ಹಾಳಾಗಿದೆ ಎಂದು ತೋರಿಸುವ ಯಂತ್ರ) ಹಿಡಿದು ನೋಡದೆ ಜೋಡಿಸಿದರೆ ಮತ್ತೆ ಅಗೆಯುವ ಕೆಲಸ ತಪ್ಪಿದ್ದಲ್ಲ. ತುಂಡು ಕೇಬಲ್ ಸೇರಿಸಿದಾಗ ಒಂದು ಕಡಿತಕ್ಕೆ ಎರಡು ಜಾಯಿಂಟು. ಜಾಯಿಂಟಿಗೆ 0.1 ಡೆಸಿಬೆಲ್ ಬೆಳಕಿನ ನಷ್ಟ ಎಂದರೂ ಹದಿನೈದು ಕಡಿತಕ್ಕೆ 3 ಡೆಸಿಬೆಲ್, ಅಂದರೆ ಬೆಳಕು ಅರ್ಧಕ್ಕೆ ಅರ್ಧ ಮಾಯ. ಧೂಳಿನಲ್ಲಿ ಅವಸರದಿಂದ ಹಾಕಿದ ಜಾಯಿಂಟಿನ ನಷ್ಟ ಇನ್ನೂ ಹೆಚ್ಚು.

ಅಗೆಯುವ ಮುಂಚೆ ತಿಳಿಸಲು 'ಕಾಲ್ ಬಿಫೋರ್ ಯು ಡಿಗ್' ಆಪ್ 2023ರಿಂದಲೇ ಇದೆ. ನೀರಿನ ಪೈಪು, ರಸ್ತೆ, ಕಾಲುವೆ ಯಾವ ಕೆಲಸವೇ ಇರಲಿ, ಆ ಆಪ್‌ನಲ್ಲಿ ಮಾಹಿತಿ ಕೊಟ್ಟ ದಾಖಲೆ ಇಲ್ಲದೆ ಗುತ್ತಿಗೆದಾರರ ಬಿಲ್ ಪಾಸಾಗಬಾರದು.

ಮುಂದಿನ ದಿಶಾ ಸಭೆಯಲ್ಲಿ 'ಸರ್ವೀಸ್ ರೆಡಿ' (ಸೇವೆಗೆ ಸಿದ್ಧ) ಪಂಚಾಯಿತಿಗಳ ಲೆಕ್ಕ ಕೊಟ್ಟರೆ ಅಷ್ಟಕ್ಕೇ ಒಪ್ಪಬೇಡಿ. ಹಿಂದಿನ ಮೂರು ತಿಂಗಳಲ್ಲಿ ಪ್ರತಿ ಪಂಚಾಯಿತಿಯಲ್ಲಿ ನೆಟ್ ಎಷ್ಟು ಗಂಟೆ ಇತ್ತು, ಪ್ರತಿ ಕಡಿತ ಸರಿಪಡಿಸಲು ಎಷ್ಟು ಗಂಟೆ ಹಿಡಿಯಿತು, ಈ ಎರಡು ಪಟ್ಟಿ ತರಿಸಿ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಫೈಬರ್ ಕೆಲಸಗಾರರು