ತಲೆನೋವಿಗೆ ಬೇಕಾದದ್ದು ಪರದೆಯ ಅಂತರಕ್ಕೆ ತಕ್ಕ ಕನ್ನಡಕ

ಮಾನ್ಯ ಸಂಪಾದಕರೇ,

ಗದಗದ ಮುದ್ರಣಾಲಯವೊಂದರಲ್ಲಿ 22 ವರ್ಷಗಳಿಂದ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ) ಮಾಡುತ್ತ, ಕರಡು ತಿದ್ದುತ್ತ ಬಂದಿರುವ ನಾನು, ಕಂಪ್ಯೂಟರ್ ಮುಂದೆ ದುಡಿಯುವವರ ಕಣ್ಣುರಿ ಮತ್ತು ತಲೆನೋವಿನ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬಯಸುತ್ತೇನೆ. ಸಣ್ಣ ಅಕ್ಷರದ ಪುಟದಲ್ಲಿ ‘ದ’ಕಾರದ ಹೊಟ್ಟೆ ಸೀಳಿದೆಯೇ ಇಲ್ಲವೇ, ಕೆಳಗಿರುವುದು ತಕಾರದ ಒತ್ತೋ ನಕಾರದ ಒತ್ತೋ ಎಂದು ದಿನಕ್ಕೆ ಎಂಟು ತಾಸು ಪರದೆಯನ್ನು ದಿಟ್ಟಿಸುವುದು ಕಣ್ಣಿಗೆ ಎಷ್ಟು ಭಾರವೆಂಬುದು ಆ ಕೆಲಸ ಮಾಡಿದವರಿಗೇ ಗೊತ್ತು.

ಮೂರು ವರ್ಷಗಳ ಹಿಂದೆ ನನಗೆ ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಮೇಲೆ ಬಿಗಿಹಿಡಿದಂತೆ ತಲೆನೋವು ಶುರುವಾಗಿ, ಸಂಜೆಯೊಳಗೆ ಕತ್ತಿಗೂ ಇಳಿಯುತ್ತಿತ್ತು. ಕನ್ನಡಕದ ಅಂಗಡಿಯೊಂದರವರು ಇದಕ್ಕೆಲ್ಲ ಪರದೆಯ ನೀಲಿ ಬೆಳಕೇ ಕಾರಣವೆಂದು ಹೇಳಿ, ಅದನ್ನು ತಡೆಯುವ ದುಬಾರಿ ಗಾಜು ಹಾಕಿಕೊಟ್ಟರು. ನೋವು ಇದ್ದಂತೆಯೇ ಇತ್ತು. ಅಂಥ ಗಾಜಿನ ಬಗ್ಗೆ ನಡೆದ 17 ಪ್ರಯೋಗಗಳನ್ನು, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಪರಿಶೀಲಿಸಿ, ಕಣ್ಣಿನ ದಣಿವು ತಗ್ಗಿಸುವುದರಲ್ಲಿ ಅದು ಸಾಮಾನ್ಯ ಗಾಜಿಗಿಂತ ಮೇಲೆನ್ನಲು ಆಧಾರ ಕಾಣಲಿಲ್ಲವೆಂದು ತಿಳಿಸಿದ್ದನ್ನು ನಾನು ಓದಿದ್ದು ಹಣ ತೆತ್ತ ಮೇಲೆ.

ಕೊನೆಗೆ ನೇತ್ರತಜ್ಞರೊಬ್ಬರು, ‘ಕೆಲಸಕ್ಕೆ ಹೇಗೆ ಕೂರುತ್ತೀರೋ ಹಾಗೇ ಕೂತು ತೋರಿಸಿ’ ಎಂದರು. ಕೂತೆ. ನನ್ನ ಗದ್ದ ತಾನಾಗಿಯೇ ಮೇಲೆದ್ದಿತು. ಚಾಳೀಸು ಬಂದವರ ಬೈಫೋಕಲ್ ಕನ್ನಡಕದ ಕೆಳಭಾಗವು ಕೈಯಲ್ಲಿ ಹಿಡಿದ ಪುಸ್ತಕಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರ್ ದೂರಕ್ಕೆ ಹೊಂದಿಸಿದ್ದಾಗಿರುತ್ತದೆ. ಮೇಲ್ಭಾಗವು ದೂರದ ನೋಟಕ್ಕೆ. ಕಂಪ್ಯೂಟರ್ ಪರದೆ ಇರುವುದು ಇವೆರಡರ ನಡುವೆ, 60 ರಿಂದ 70 ಸೆಂಟಿಮೀಟರಿನಲ್ಲಿ. ಹೀಗಾಗಿ ಅಕ್ಷರ ಕಾಣಲೆಂದು ಗದ್ದವೆತ್ತಿ ಮುಂದಕ್ಕೆ ಬಾಗುತ್ತೇವೆ, ಅದೇ ಭಂಗಿಯಲ್ಲಿ ತಾಸುಗಟ್ಟಲೆ ಉಳಿಯುತ್ತೇವೆ. ಪರದೆಯ ದೂರಕ್ಕೇ ಅಳತೆ ಮಾಡಿದ ಪ್ರತ್ಯೇಕ ಕನ್ನಡಕ ಮಾಡಿಸಿ, ಪರದೆಯನ್ನು ನಾಲ್ಕು ಬೆರಳು ಕೆಳಗಿಳಿಸಿದ ಮೇಲೆ ನನ್ನ ತಲೆನೋವು ಎರಡೇ ವಾರಗಳಲ್ಲಿ ಬಹುಮಟ್ಟಿಗೆ ಇಳಿಯಿತು. ಆದ್ದರಿಂದ 40 ದಾಟಿದವರು ಪರೀಕ್ಷೆಗೆ ಹೋಗುವ ಮುನ್ನ ಕಣ್ಣಿನಿಂದ ಪರದೆಗೆ ಎಷ್ಟು ದೂರವೆಂದು ಟೇಪು ಹಿಡಿದು ಅಳೆದು, ಆ ಅಳತೆಯನ್ನು ವೈದ್ಯರಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಕಣ್ಣುರಿಯ ಕಾರಣ ಬೇರೆ. ರೆಪ್ಪೆ ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಮಿಟುಕುತ್ತದೆ, ಪರದೆ ನೋಡುವಾಗ ಆ ಎಣಿಕೆ ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಮಿಟುಕಿದಾಗಲೂ ಎಷ್ಟೋ ಸಲ ಪೂರ್ತಿ ಮುಚ್ಚುವುದಿಲ್ಲ. ಕಣ್ಣಿನ ಮೇಲಿನ ನೀರಿನ ಪೊರೆ ಒಣಗಿ, ಮರಳು ಬಿದ್ದಂತೆ ಕಿರಿಕಿರಿಯಾಗುತ್ತದೆ. ಮುಖಕ್ಕೆ ನೇರವಾಗಿ ಬೀಸುವ ಫ್ಯಾನು ಇದನ್ನು ಹೆಚ್ಚಿಸುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸಲಹೆ ಹಲವರಿಗೆ ಗೊತ್ತಿದೆ. ಅದರ ಜೊತೆಗೆ ರೆಪ್ಪೆಗಳನ್ನು ಪೂರ್ತಿ ಮುಚ್ಚಿ ತೆರೆಯುವುದನ್ನೂ ರೂಢಿಸಿಕೊಳ್ಳಬೇಕು. ಕಿಟಕಿಯು ಕಂಪ್ಯೂಟರ್ ಪರದೆಯ ಹಿಂದಾಗಲಿ ನಮ್ಮ ಬೆನ್ನಿಗಾಗಲಿ ಇರದೆ ಪಕ್ಕಕ್ಕಿದ್ದರೆ ಪ್ರತಿಫಲನ ಕಡಿಮೆ. ಕರಡು ತಿದ್ದುವಾಗ ಪುಟವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡರೆ ಮುದ್ರಣದ ಅಳತೆಯೇನೂ ಕೆಡುವುದಿಲ್ಲ, ಆದರೂ ನಮ್ಮಲ್ಲಿ ಬಹುಮಂದಿ ಹಾಗೆ ಮಾಡುವುದಿಲ್ಲ. ಇನ್ನು, ದಿಢೀರನೆ ದೃಷ್ಟಿ ಮಂಜಾದರೆ, ತಲೆನೋವಿನೊಂದಿಗೆ ವಾಂತಿಯಾದರೆ ಪರದೆಯನ್ನು ದೂಷಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬ್ರಿಟನ್ನಿನಲ್ಲಿ 1993ರಿಂದಲೇ ಒಂದು ನಿಯಮ ಜಾರಿಯಲ್ಲಿದೆ: ಪರದೆಯ ಮುಂದೆ ದುಡಿಯುವ ನೌಕರ ಕೇಳಿದರೆ ಮಾಲೀಕರೇ ಕಣ್ಣಿನ ಪರೀಕ್ಷೆಯ ಖರ್ಚು ಭರಿಸಬೇಕು, ಆ ಕೆಲಸಕ್ಕೆಂದೇ ಕನ್ನಡಕ ಬೇಕಾದರೆ ಅದನ್ನೂ ಕೊಡಿಸಬೇಕು. ನಮ್ಮ ರಾಜ್ಯದ ಕಂಪ್ಯೂಟರ್ ಆಪರೇಟರುಗಳು, ಡಿಟಿಪಿ ಕೆಲಸಗಾರರು ಹೆಚ್ಚಾಗಿ ಗುತ್ತಿಗೆ ಅಥವಾ ದಿನಗೂಲಿಯವರು. ಎರಡನೆಯ ಕನ್ನಡಕವೆಂದರೆ ಅವರಿಗೆ ಮನೆಯ ರೇಷನ್ನಿನ ದುಡ್ಡು. ಕಾರ್ಮಿಕ ಇಲಾಖೆಯು ಇಂಥದೇ ನಿಯಮವನ್ನು ನಮ್ಮಲ್ಲಿಯೂ ತರಬೇಕು, ಅದನ್ನು ಮೊದಲು ಸರ್ಕಾರಿ ಕಚೇರಿಗಳ ಹೊರಗುತ್ತಿಗೆ ಆಪರೇಟರುಗಳಿಗೆ ಅನ್ವಯಿಸಬೇಕು ಎಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಡಿಟಿಪಿ ಕೆಲಸಗಾರ, ಗದಗ