ಹತ್ತುವುದಕ್ಕೆ ನನ್ನ ತಕರಾರಿಲ್ಲ

ಪ್ರೀತಿಯ ಮಗಳಿಗೆ ನಿಮ್ಮಪ್ಪನ ಆಶೀರ್ವಾದ.

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಇನ್ನೊಂದು ಸುತ್ತು ಜಗಳ ಆಗುತ್ತಿತ್ತು. ಮಾತಿನಲ್ಲಿ ನಾನು ನಿನ್ನ ಮುಂದೆ ಯಾವತ್ತು ಗೆದ್ದಿದ್ದೇನೆ? ಬರೆದರೆ ನೀನು ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಅಂಗಡಿಯ ಲೆಕ್ಕ ಬದಿಗಿಟ್ಟು ಬರೆಯುತ್ತಿದ್ದೇನೆ. ಉದ್ದ ಆಯಿತು ಎಂದು ಅರ್ಧಕ್ಕೆ ಬಿಡಬೇಡ.

ಜ್ಯೂರಿಕ್‌ಗೆ ಹೋಗುವಾಗಿನ ಸಾಲ, ಏರ್‌ಪೋರ್ಟಿನಲ್ಲಿ ನಿಮ್ಮವ್ವನ ಅಳು, ಅದೆಲ್ಲ ಇಬ್ಬರಿಗೂ ಗೊತ್ತು, ಬಿಡು. ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡೆ ಎಂದು ನೀನು ಫೋಟೊ ಕಳಿಸಿದಾಗ ಎಪಿಎಂಸಿಯಲ್ಲಿ ಕಂಡಕಂಡವರಿಗೆ ತೋರಿಸಿದೆ. "ಇಷ್ಟ ರೊಕ್ಕದಾಗ ಎರಡ ಎಮ್ಮಿ ಬರ್ತಿದ್ವಲ್ರೀ" ಎಂದು ಹಮಾಲರು ನಕ್ಕರು. ನಗಲಿ ಬಿಡು, ನನಗೆ ಖುಷಿಯಾಗಿತ್ತು. ಆದರೆ "ಭಾನುವಾರ ಅಲ್ಬುಲಾ ಘಾಟಿ ಹತ್ತತೀವಿ ಅಪ್ಪಾ, ಆ ಕಡೆ ಲಾ ಪುಂಟ್‌ಗೆ ಇಳಿತೀವಿ. ಸೈಕಲ್ ರೇಸಿನ್ಯಾಗ ಜೀನೊ ಬಿದ್ದ ಜಾಗ ನೋಡಬೇಕು" ಎಂದೆಯಲ್ಲ, ಅಲ್ಲಿಂದ ನಿದ್ದೆ ಹೋಗಿದೆ.

ಸ್ವಿಟ್ಜರ್‌ಲೆಂಡಿನಲ್ಲಿ ಬೇರೆ ಘಾಟಿಗಳೇ ಇಲ್ಲವಾ?

ಬೇಡ ಎಂದದ್ದಕ್ಕೆ ನೀನು ಕೇಳಿದ್ದು ಒಂದೇ ಪ್ರಶ್ನೆ. "ಪಿಡ್‌ಕಾಕ್ ಟೂರ್ ದ ಫ್ರಾನ್ಸ್ ರೇಸಿನ್ಯಾಗ ಗಾಲಿಬಿಯರ್ ಘಾಟಿ ಇಳದಾಗ ಕುರ್ಚಿ ಬಿಟ್ಟೆದ್ದು ಸಿಳ್ಳೆ ಹೊಡದಾಂವ ಯಾರು?" ನಾನೇ ಹೊಡೆದದ್ದು, ಟಿವಿ ಮುಂದೆ. 2022ರ ಜುಲೈ 14. ಹೊರಗೆ ಜಿಟಿಜಿಟಿ ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಆ ಹುಡುಗ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಇಳಿದು, ಮುಂದಿನವರನ್ನು ಹಿಡಿದು, ಆ ದಿನದ ಹಂತವನ್ನು ಆಲ್ಪ್ ದ್ಯುಯೆಜ್‌ನಲ್ಲಿ ಗೆದ್ದ. ಅದೇ ವರ್ಷ ಮಾರ್ಚಿನಲ್ಲಿ ಮೊಹೊರಿಚ್ ಪೊಜ್ಜೊ ಗುಡ್ಡ ಇಳಿದು ಇಟಲಿಯ ಮಿಲಾನ್–ಸಾನ್ ರೆಮೊ ರೇಸ್ ಗೆದ್ದಾಗಲೂ ಹೀಗೇ. ಸೀಟು ಕೆಳಗಿಳಿಸುವ ಸಾಧನ ಹಾಕಿಸಿಕೊಂಡು ಬಂದಿದ್ದ ಅವನು. ಒಂದು ಕಡೆ ರಸ್ತೆ ಬಿಟ್ಟು ಚರಂಡಿಗೇ ಹೋಗುತ್ತಾನೆ ಅನ್ನಿಸಿತ್ತು, ಹೇಗೋ ವಾಪಸ್ ಬಂದ. "ಏನ್ ಎದಿಗಾರಿಕಿ ಇವಂದು!" ಎಂದೆ. ಅವರೂ ಯಾರದೋ ಮಕ್ಕಳು ಎಂದು ಆಗ ನನಗೆ ಹೊಳೆಯಲೇ ಇಲ್ಲ.

ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲ. ಆದರೂ ಬೇಡ ಅನ್ನಿಸುತ್ತದೆ. ಬೇರೆಯವರ ಮಗ ಇಳಿದರೆ ಸಿಳ್ಳೆ, ನನ್ನ ಮಗಳು ಇಳಿದರೆ ಬೇಡ. ನ್ಯಾಯ ಅಲ್ಲ, ಗೊತ್ತು.

ಈ ಹುಚ್ಚು ಹತ್ತಿಸಿದವನು ನಾನೇ ಎಂದು ನಿಮ್ಮವ್ವ ಈಗಲೂ ಬೈಯುತ್ತಾಳೆ. ಗದಗಿನಲ್ಲಿ ಕೂತು ಸ್ಲೊವೇನಿಯಾದ ರೊಗ್ಲಿಚ್‌ಗಾಗಿ ಊಟ ಬಿಡುವವರು ಇನ್ನೆಷ್ಟು ಮಂದಿ ಇದ್ದಾರು? 2020ರ ಆ ಸೆಪ್ಟೆಂಬರ್ ರಾತ್ರಿ ನೆನಪಿದೆಯಲ್ಲ. ಟೂರ್ ಮುಗಿಯಲು ಒಂದೇ ದಿನ ಬಾಕಿ, ಅವನು 57 ಸೆಕೆಂಡ್ ಮುಂದಿದ್ದ. ಲಾ ಪ್ಲಾಂಶ್ ಗುಡ್ಡ ಹತ್ತುವಾಗ ಹೆಲ್ಮೆಟ್ ಓರೆಯಾಗಿ ಕೂತಿತ್ತು. ಅದನ್ನು ನೋಡಿಯೇ ನನಗೆ ಗೊತ್ತಾಯಿತು. ಇನ್ನೂ 22 ತುಂಬದ ಪೊಗಾಚಾರ್ ಒಟ್ಟು ಲೆಕ್ಕದಲ್ಲಿ 59 ಸೆಕೆಂಡ್ ಮುಂದೆ ಹೋಗಿಬಿಟ್ಟ. ಬಡಿಸಿದ ರೊಟ್ಟಿ ತಾಟಿನಲ್ಲೇ ಉಳಿಯಿತು. "ಯಾರು ಸತ್ತಾರ?" ಎಂದು ನಿಮ್ಮವ್ವ ಒಳಗಿನಿಂದ ಬಂದಳು. ಸೈಕಲ್ ರೇಸಿನ ಅಭಿಮಾನಿಯ ಬಾಳು ನಮ್ಮ ಉಳ್ಳಾಗಡ್ಡಿ ರೇಟಿನ ಹಾಗೆ. ಬೆಳಿಗ್ಗೆ ಇದ್ದದ್ದು ಸಂಜೆಗೆ ಇರುವುದಿಲ್ಲ.

ಆದರೆ ಜೀನೊ ಮೇಡರ್ ನಿನ್ನವನು. 2021ರ ಪ್ಯಾರಿಸ್–ನೀಸ್‌ನಲ್ಲಿ ಒಂದು ಹಂತದಲ್ಲಿ ಅವನು ಇಡೀ ದಿನ ಮುಂದಿದ್ದು, ಗೆಲುವಿನ ಗೆರೆ ಇನ್ನೇನು ಬಂತು ಎನ್ನುವಾಗ ನನ್ನ ರೊಗ್ಲಿಚ್ ಬಂದು ದಾಟಿಹೋದ. ಆಗಲೇ ಎರಡು ಹಂತ ಗೆದ್ದಿದ್ದವನಿಗೆ ಮೂರನೆಯದೂ ಬೇಕಾಗಿತ್ತಾ ಎಂದು ನೀನು ನನ್ನ ಮೇಲೆ ಸಿಟ್ಟಾದೆ. ನಾನೇ ತುಳಿದೆನೇನೋ ಎನ್ನುವ ಹಾಗೆ! ಮರುದಿನ ರೊಗ್ಲಿಚ್ ಎರಡು ಸಲ ಬಿದ್ದು ರೇಸನ್ನೇ ಕಳೆದುಕೊಂಡ. ನೀನು ನಗಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು. ಮೇ ತಿಂಗಳಲ್ಲಿ ಜೀನೊ ಇಟಲಿಯ ಜಿರೊ ರೇಸಿನಲ್ಲಿ ಒಂದು ಹಂತ ಗೆದ್ದಾಗ ಮಾತ್ರ ಓಣಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಆಮೇಲೆ ಸ್ಪೇನಿನ ವುಯೆಲ್ಟಾ ರೇಸಿನಲ್ಲಿ ತಾನು ಹಿಂದೆ ಹಾಕಿದ ಪ್ರತಿ ಸವಾರನಿಗೆ ಒಂದು ಯೂರೊ ಲೆಕ್ಕದಲ್ಲಿ ಆಫ್ರಿಕಾದಲ್ಲಿ ಹಸಿರು ಬೆಳೆಸುವ ಕೆಲಸಕ್ಕೆ ಕೊಟ್ಟ. ಅದನ್ನು ಓದಿ ಹೇಳಿದವಳೂ ನೀನೇ. ಅಂಥ ಹುಡುಗ.

2023ರ ಮೇ ಕೊನೆಗೆ ನಾವು ಸ್ವರ್ಗದಲ್ಲಿದ್ದೆವು. ಮೊಂಟೆ ಲುಸ್ಸಾರಿಯಲ್ಲಿ ರೊಗ್ಲಿಚ್‌ನ ಚೈನ್ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಜನರ ನಡುವಿನಿಂದ ಬಂದು ಅವನನ್ನು ತಳ್ಳಿದವನು ಹಿಂದೆ ಅವನ ಜೊತೆ ಸ್ಕೀ ಜಂಪಿಂಗ್ ಮಾಡಿದವನೇ ಎಂದು ಆಮೇಲೆ ಗೊತ್ತಾಯಿತು. ಕೊನೆಗೆ 14 ಸೆಕೆಂಡಿನಲ್ಲಿ ಜಿರೊ ನಮ್ಮದಾಯಿತು. ನಾನು ಅಂಗಡಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದೆ. ಯಾಕೆ ಎಂದು ಕೇಳಿದವರಿಗೆ "ನಮ್ಮ ಹುಡುಗ ಪಾಸಾದ" ಎಂದೆ.

ಮೂರು ವಾರ ಕೂಡ ಆಗಿರಲಿಲ್ಲ. ಜೂನ್ 15ಕ್ಕೆ ಸ್ವಿಟ್ಜರ್‌ಲೆಂಡಿನ ದೊಡ್ಡ ರೇಸ್ ಟೂರ್ ದ ಸ್ವೀಸ್‌ನ ಐದನೇ ಹಂತ. ಅಲ್ಬುಲಾ ಹತ್ತಿ, ಲಾ ಪುಂಟ್‌ಗೆ ಇಳಿದರೆ ಆ ದಿನದ ರೇಸ್ ಮುಗಿಯುತ್ತಿತ್ತು. ಆ ಇಳಿಜಾರಿನಲ್ಲಿ ಜೀನೊ ಕಮರಿಗೆ ಬಿದ್ದ. ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ನಿನ್ನ ಫೋನ್ ಬಂತು. ನೀನು ಏನೂ ಮಾತಾಡಲಿಲ್ಲ. ನನಗೆ ಅರ್ಥವಾಯಿತು. 26 ವರ್ಷ.

ಹತ್ತುವಾಗ ಅವನಿಗೆ ಏನೂ ಆಗಲಿಲ್ಲ ನೋಡು. 2,300 ಮೀಟರ್ ಎತ್ತರದವರೆಗೆ ಉಸಿರು ಕಟ್ಟಿ ಹತ್ತಿದ್ದ. ಕಷ್ಟದ ಕೆಲಸ ಎಲ್ಲ ಮುಗಿದಿತ್ತು. ಮೇಲೆಯೇ ಗೆಲುವಿನ ಗೆರೆ ಎಳೆದಿದ್ದರೆ ಆಗುತ್ತಿರಲಿಲ್ಲವಾ? ಅದೇ ರೇಸಿನಲ್ಲಿದ್ದ ರೆಮ್ಕೊ ಕೂಡ ಅದನ್ನೇ ಹೇಳಿದ. ಅದೇ ಇಳಿಜಾರಿನಲ್ಲಿ ಬಿದ್ದ ಅಮೆರಿಕದ ಹುಡುಗ ಶೆಫೀಲ್ಡ್ ಉಳಿದುಕೊಂಡ. ಒಬ್ಬ ಉಳಿದ, ಒಬ್ಬ ಹೋದ. ಯಾಕೆ ಎಂದು ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ನಿನ್ನೆ ರಾತ್ರಿ ಮೊಬೈಲಿನ ಮ್ಯಾಪಿನಲ್ಲಿ ಆ ರಸ್ತೆಯ ಮೇಲೆ ಬೆರಳಿಟ್ಟು ಇಳಿದೆ. ಒಂದೊಂದು ತಿರುವನ್ನೂ ದೊಡ್ಡದು ಮಾಡಿ ನೋಡಿದೆ. ಅಂಚಿಗೆ ಕಟ್ಟೆ ಇದೆಯಾ, ಇಲ್ಲವಾ ಎಂದು. ಕೆಳಗೆ ಮುಟ್ಟಿ ಮತ್ತೆ ಮೇಲಿಂದ ಶುರು ಮಾಡಿದೆ. ನಿಮ್ಮವ್ವ "ಏನ್ ನೋಡಾಕತ್ತೀರಿ?" ಎಂದಾಗ ಮೊಬೈಲ್ ಮಗುಚಿಟ್ಟೆ.

ಇನ್ನೊಂದು ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ನಿನ್ನ ಜ್ಯೂರಿಕ್‌ನಲ್ಲೇ ವಿಶ್ವ ಚಾಂಪಿಯನ್‌ಶಿಪ್. ಮ್ಯೂರಿಯೆಲ್ ಫುರರ್, 18ರ ಹುಡುಗಿ, ಮಳೆಯಲ್ಲಿ ಕಾಡಿನ ನಡುವೆ ಬಿದ್ದಳು. ಬಹಳ ಹೊತ್ತು ಯಾರಿಗೂ ಗೊತ್ತೇ ಆಗಲಿಲ್ಲ. ಮರುದಿನ ಹೋದಳು. ಅಷ್ಟು ಕ್ಯಾಮೆರಾ, ಅಷ್ಟು ಜನ ಇದ್ದೂ! ಮುಂದಿನ ವರ್ಷ ಕಿಗಾಲಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲ ಸವಾರರಿಗೂ ಜಿಪಿಎಸ್ ಕಡ್ಡಾಯ ಮಾಡಿದರು. ಅದಕ್ಕೇ ನಿನ್ನೆ "ಲೈವ್ ಲೊಕೇಶನ್ ಹಾಕು" ಎಂದು ಕೂಗಾಡಿದ್ದು. ಕಾವಲು ಕಾಯುವುದಕ್ಕಲ್ಲ. ಕೂಗಿದ್ದು ಜಾಸ್ತಿ ಆಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ನನ್ನ ಪಾಠ ಕೇಳು. ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡ, ಮೊದಲೇ ಹಿಡಿದು ವೇಗ ಇಳಿಸು. ಕೈ ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿರಲಿ. ಗುಂಡಿ ನೋಡಿದರೆ ಗುಂಡಿಗೇ ಹೋಗುತ್ತೀಯ, ರಸ್ತೆ ಎಲ್ಲಿ ತಿರುಗುತ್ತದೋ ಅಲ್ಲಿ ಕಣ್ಣಿಡು. ರಸ್ತೆ ಹಸಿಯಿದ್ದರೆ ಇಳಿದು ತಳ್ಳಿಕೊಂಡು ಬಾ, ಅದರಲ್ಲಿ ಏನು ಅವಮಾನ? ಜೊತೆಯವರು ಮುಂದೆ ಹೋದರೆ ಹೋಗಲಿ. ತುದಿಯಲ್ಲಿ ಚಳಿ ಇರುತ್ತದೆ, ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ಹೇಗೆ? ಗ್ಲೋವ್ಸ್ ಒಯ್ಯಿ. ಅಟ್ಲಾಸ್ ಸೈಕಲ್ಲಿನಲ್ಲಿ ಬೆಟಗೇರಿಯಿಂದ ಎಪಿಎಂಸಿಗೆ ಹೋಗಿಬಂದವನು ಪಾಠ ಹೇಳುತ್ತಾನೆ ಎಂದು ನಗುತ್ತೀಯ. ನಗು. ಇಷ್ಟು ವರ್ಷ ಟಿವಿಯಲ್ಲಿ ಅವರು ಬೀಳುವುದನ್ನು ನೋಡಿದ್ದೇನಲ್ಲ.

ಬೆಳಿಗ್ಗೆ ಹುಬ್ಬಳ್ಳಿ ರಸ್ತೆಯಲ್ಲಿ ಕ್ರೀಡಾ ಹಾಸ್ಟೆಲ್ಲಿನ ಹುಡುಗಿಯರು ಸಾಲಾಗಿ ಹೋಗುತ್ತಿದ್ದರು. ಲಾರಿ ಪಕ್ಕದಲ್ಲೇ ಹೋದರೂ ಅವರ ಗೆರೆ ಅಲುಗಲಿಲ್ಲ. ಅವರ ಅಪ್ಪಂದಿರು ಯಾವ ಊರಲ್ಲಿ ಕೂತು ಹೇಗೆ ತಾಳಿಕೊಳ್ಳುತ್ತಾರೋ. ನಿಂತು ನೋಡಿದೆ. ಸಿಳ್ಳೆ ಹೊಡೆಯಲು ಬಾಯಿ ಬರಲಿಲ್ಲ.

ಜೀನೊ ಹೋದ ಮೇಲೆ ಇನ್ನು ರೇಸ್ ನೋಡುವುದಿಲ್ಲ ಎಂದಿದ್ದೆ ನೀನು. ಆ ಜುಲೈನಲ್ಲಿ ಅವನ ತಂಡದ ಬಿಲ್ಬಾವೊ ಟೂರ್‌ನ ಒಂದು ಹಂತ ಗೆದ್ದು ಅವನಿಗೇ ಅರ್ಪಿಸಿದ. ಆಮೇಲೆ ಅದೇ ತಂಡದ ಮೊಹೊರಿಚ್ ಇನ್ನೊಂದು ಹಂತ ಕೂದಲೆಳೆಯಲ್ಲಿ ಗೆದ್ದು, ಮೈಕಿನ ಮುಂದೆ ಅತ್ತ. ಪೊಜ್ಜೊ ಇಳಿದ ಅದೇ ಎದೆಗಾರ. ನೀನೂ ವಾಪಸ್ ಬಂದು ಕೂತೆ. ಆಗ ನಾನು ಏನೂ ಕೇಳಲಿಲ್ಲ. ಈಗಲೂ ಆ ಜಾಗ ಯಾಕೆ ನೋಡಬೇಕು ಎಂದು ಕೇಳುವುದಿಲ್ಲ.

ಹೋಗು. ಹತ್ತುವುದಕ್ಕೆ ನನ್ನ ತಕರಾರು ಯಾವತ್ತೂ ಇರಲಿಲ್ಲ. ಇಳಿಯುವುದಕ್ಕೆ ಇದೆ, ಇರುತ್ತದೆ. ಅಲ್ಬುಲಾ ಬೆಟ್ಟದ ಒಳಗಿಂದ ರೈಲು ಹೋಗುತ್ತದಂತಲ್ಲ, ಯುನೆಸ್ಕೊ ಪಟ್ಟಿಯಲ್ಲೂ ಇದೆ. ಮಳೆ ಬಂದರೆ ಅದರಲ್ಲೇ ಕೂತುಕೊಂಡು ಬಾ.

ನಿನ್ನ ಇಲ್ಲಿನ ಖಾತೆಗೆ ಸ್ವಲ್ಪ ರೊಕ್ಕ ಹಾಕಿದ್ದೇನೆ. ಬ್ರೇಕ್ ಪ್ಯಾಡ್ ಹೊಸದು ಹಾಕಿಸು, ಟೈರೂ ನೋಡಿಸು. ನಿಮ್ಮವ್ವನಿಗೆ ನೀನು ಗೆಳತಿಯರ ಜೊತೆ ಕೆರೆ ನೋಡಲು ಹೋಗುತ್ತೀಯ ಎಂದು ಹೇಳಿದ್ದೇನೆ. ಶನಿವಾರ ಅವಳು ಫೋನ್ ಮಾಡುತ್ತಾಳೆ. ಕೆರೆ ಅಂತಲೇ ಹೇಳು. ಯಾವ ಕೆರೆ ಎಂದು ಕೇಳಿಯೇ ಕೇಳುತ್ತಾಳೆ, ಒಂದು ಹೆಸರು ಈಗಲೇ ಹುಡುಕಿಟ್ಟುಕೊಂಡು ನನಗೂ ಮೆಸೇಜ್ ಮಾಡು.

ನಿಮ್ಮಪ್ಪ
ಗದಗ