1971ರ 54 ಸೈನಿಕರ ಲೆಕ್ಕ ಕೊಡಿ: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ವ್ಯವಹಾರಗಳ ಸಚಿವರಿಗೆ ಸವಿನಯ ವಂದನೆಗಳು.

1971ರ ಯುದ್ಧದಲ್ಲಿ ಕಣ್ಮರೆಯಾಗಿ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ನಮ್ಮ ಸರ್ಕಾರವೇ ನಂಬಿಕೊಂಡು ಬಂದಿರುವ 54 ಮಂದಿಯ ವಿಷಯವಾಗಿ ಈ ಪತ್ರ ಬರೆಯುತ್ತಿದ್ದೇನೆ. ಸಂಸತ್ತಿನಲ್ಲಿ ಪ್ರಶ್ನೆ ಬಂದಾಗಲೆಲ್ಲ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ವಿಷಯವನ್ನು ನಿರಂತರವಾಗಿ ಪ್ರಸ್ತಾಪಿಸಲಾಗುತ್ತಿದೆ, ಅಂಥವರು ಯಾರೂ ತನ್ನಲ್ಲಿಲ್ಲವೆಂದು ಆ ದೇಶ ಹೇಳುತ್ತಿದೆ. ಯಾವಾಗ, ಯಾರ ಹೆಸರು ಹಿಡಿದು, ಯಾವ ಸಾಕ್ಷ್ಯ ಮುಂದಿಟ್ಟು ಕೇಳಿದೆವು ಎಂಬುದು ಮಾತ್ರ ಅದರಲ್ಲಿರುವುದಿಲ್ಲ.

ಮೇಜರ್ ಅಶೋಕ್ ಸೂರಿ ಅವರ ಪ್ರಕರಣವನ್ನೇ ನೋಡಿ. ಯುದ್ಧದಲ್ಲಿ ಮಡಿದರೆಂದು ಮೊದಲು ಘೋಷಿಸಲಾಗಿತ್ತು. 1974ರ ಕೊನೆಯಲ್ಲಿ ಅವರ ತಂದೆಯ ಕೈಗೆ ಮಗ ಬರೆದ ಚೀಟಿಯೊಂದು ತಲುಪಿತು. ಮರುವರ್ಷ ಬಂದ, ಕರಾಚಿಯಲ್ಲಿ ಬರೆದ ಇನ್ನೊಂದು ಪತ್ರದಲ್ಲಿ ಇಲ್ಲಿ ನಾವು 20 ಅಧಿಕಾರಿಗಳಿದ್ದೇವೆ ಎಂದಿತ್ತು. ಕೈಬರಹ ಪರೀಕ್ಷೆಯಾದ ಬಳಿಕ ಸರ್ಕಾರ ಅವರ ಹೆಸರನ್ನು ಮೃತರ ಪಟ್ಟಿಯಿಂದ ನಾಪತ್ತೆಯಾದವರ ಪಟ್ಟಿಗೆ ಸೇರಿಸಿತು. ಹೀಗೆ ತಾನೇ ಒಪ್ಪಿಕೊಂಡ ಸಾಕ್ಷ್ಯದ ಬೆನ್ನು ಹತ್ತಿ ಸರ್ಕಾರ ಎಲ್ಲೆಲ್ಲಿಗೆ ಹೋಯಿತು, ಎಲ್ಲಿ ನಿಂತಿತು ಎಂಬುದನ್ನು ತಿಳಿಯುವ ಹಕ್ಕು ಆ ಮನೆಯವರಿಗಿಲ್ಲವೇ?

ಆ ಯುದ್ಧದಲ್ಲಿ ಸೆರೆಸಿಕ್ಕ ಪಾಕಿಸ್ತಾನದ ಸುಮಾರು 93,000 ಕೈದಿಗಳನ್ನು ಮರಳಿ ಕಳುಹಿಸಿದ ದೇಶ ನಮ್ಮದು. ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಕಾಲ ಮತ್ತೆ ಬರಲಿಲ್ಲ ಎಂಬ ಕಹಿಮಾತನ್ನು ಇಲ್ಲಿ ಹೇಳದೆ ವಿಧಿಯಿಲ್ಲ. 1979ರಲ್ಲಿ ಹೀಗೆ ಕಣ್ಮರೆಯಾದವರಲ್ಲಿ 40 ಮಂದಿಯ ಹೆಸರುಗಳು ಲೋಕಸಭೆಯ ಮುಂದೆ ಬಂದವು. 2007ರಲ್ಲಿ 14 ಮಂದಿ ಬಂಧುಗಳು ಪಾಕಿಸ್ತಾನದ ಜೈಲುಗಳಿಗೆ ಹೋಗಿ ಬರಿಗೈಯಲ್ಲಿ ಮರಳಿದರು.

ಇಷ್ಟು ವರ್ಷಗಳ ಮೇಲೆ ಇವರಲ್ಲಿ ಯಾರಾದರೂ ಬದುಕಿದ್ದಾರೆಂದು ನಂಬುವುದು ಕಷ್ಟ. ಆದರೆ ಹುಡುಕಾಟ ನಿಲ್ಲಿಸಲು ಅದು ನೆಪವಾಗಬಾರದು. 1984ರಲ್ಲಿ ಸಿಯಾಚಿನ್‌ನ ಹಿಮಪಾತದಲ್ಲಿ ಸಿಲುಕಿದ ಲಾನ್ಸ್ ನಾಯಕ್ ಚಂದ್ರಶೇಖರ ಹರ್ಬೋಲಾ ಅವರ ದೇಹ 2022ರಲ್ಲಿ ಸಿಕ್ಕಿತು. ಸೇನಾ ಸಂಖ್ಯೆ ಕೊರೆದಿದ್ದ ಬಿಲ್ಲೆಯಿಂದ ಗುರುತು ಹಿಡಿದು, 38 ವರ್ಷಗಳ ಬಳಿಕ ಹಲ್ದ್ವಾನಿಯಲ್ಲಿ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸಲಾಯಿತು. ಆ ಕುಟುಂಬಕ್ಕೆ ದೊರೆತಿದ್ದು ಈ 54 ಮನೆಗಳಿಗೂ ದೊರೆಯಬೇಕಾದರೆ, ಸೆರೆಯಲ್ಲಿ ತೀರಿಕೊಂಡವರ ಸಮಾಧಿಗಳ ವಿವರವನ್ನು ರೆಡ್‌ಕ್ರಾಸ್ ಮೂಲಕ ಲಿಖಿತವಾಗಿ ಕೇಳಬೇಕು. ನೆತ್ತರ ಸಂಬಂಧಿಗಳು ಇನ್ನೂ ಇರುವಾಗಲೇ ಅವರ ಡಿಎನ್‌ಎ ಮಾದರಿಗಳನ್ನು ಸಂಗ್ರಹಿಸಿಡಬೇಕು. ತಾಯ್ತಂದೆಯರ ಪೀಳಿಗೆ ಬಹುಪಾಲು ಹೋಗಿಯೇ ಬಿಟ್ಟಿದೆ.

ಮುಂದಿನ ಅಧಿವೇಶನದಲ್ಲಿ ಒಂದು ಸಾಲಿನ ಉತ್ತರಕ್ಕೆ ಬದಲಾಗಿ, ಒಬ್ಬೊಬ್ಬ ಸೈನಿಕನ ಹೆಸರಿನಡಿ ಕೊನೆಯದಾಗಿ ಕಂಡ ಸ್ಥಳ, ದೊರೆತ ಸಾಕ್ಷ್ಯ, ನಾವು ಕೇಳಿದ್ದು ಮತ್ತು ಅವರು ಹೇಳಿದ್ದು ಇರುವ ವರದಿಯನ್ನು ಸದನದ ಮುಂದಿಡಬೇಕೆಂದೂ, ಅದಕ್ಕೆ ಮುನ್ನ ಆಯಾ ಕುಟುಂಬಕ್ಕೆ ಅದರ ಪ್ರತಿ ತಲುಪಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ಮತದಾರ